ಕಳಿಸೋದು ಯಂತ್ರಕ್ಕೆ, ಕೇಳೋದು ನಮಗೆ: ಡೊಂಬಿವಲಿಯಿಂದ ಮೊದಲ ಮೋರ್ಸ್ ಕಾಂಟೆಸ್ಟ್

ನನ್ನ ಮೊದಲ ಮೋರ್ಸ್ ಕಾಂಟೆಸ್ಟಿನಲ್ಲಿ ಇಟಲಿಯ ಒಬ್ಬರು ನನ್ನನ್ನು ವಿಶ್ವಸಂಸ್ಥೆಗೆ ಸೇರಿಸಿಬಿಟ್ಟಿದ್ದರು. ಮೋರ್ಸ್ ಕಾಂಟೆಸ್ಟ್ ಅಂದರೆ ಗಿಡ್ಡ, ಉದ್ದ ಸದ್ದುಗಳ ಮೋರ್ಸ್ ಸಂಕೇತದಲ್ಲಿ ರೇಡಿಯೋ ಮೂಲಕ ಆದಷ್ಟು ಹೆಚ್ಚು ಸ್ಟೇಷನ್ನುಗಳ ಜೊತೆ ಸಂಪರ್ಕ ಮಾಡುವ ಪಂದ್ಯ. ಭಾರತದ ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರ, ಕಾಲ್‌ಸೈನ್ (ಗಾಳಿಯಲ್ಲಿ ನಮ್ಮ ಗುರುತಿನ ಹೆಸರು) ಶುರುವಾಗುವುದು ‘ವಿಯು’ ಅಂತ. ವಿ ಅಂದರೆ ದಿದಿದಿದಾ. ಮೂರು ಗಿಡ್ಡ, ಒಂದು ಉದ್ದ. ಮುಂದೆ ಇನ್ನೊಂದು ‘ದಿ’ ಸೇರಿದರೆ ಅದು 4 ಆಗುತ್ತದೆ. 4ಯು ಅನ್ನುವುದು ವಿಶ್ವಸಂಸ್ಥೆಯ ಸ್ಟೇಷನ್ನುಗಳ ಗುರುತು. ಅವರು ಮೂರು ಸಲ 4ಯು3 ಅಂತ ಕಳಿಸಿದರು. ನಾನು ಮೂರು ಸಲ ತಿದ್ದಿದೆ. ಕೊನೆಗೆ ಅವರು ಸುಮ್ಮನೆ ಮುಂದಿನವರನ್ನು ಕರೆದರು.

ಎಂಥ ಕಿವುಡು ಮಾರಾಯ ಅಂತ ಬೈದುಕೊಂಡೆ. ರಾತ್ರಿ ರೆಕಾರ್ಡಿಂಗ್ ಹಾಕಿ ಕೇಳಿದರೆ ತಪ್ಪು ನನ್ನದೇ. ಗಾಬರಿಯಲ್ಲಿ ಪ್ಯಾಡಲನ್ನು, ಅಂದರೆ ಮೋರ್ಸ್ ಕಳಿಸುವ ಕೀಲಿಯನ್ನು, ಒಂದು ಚೂರು ಜಾಸ್ತಿ ಹೊತ್ತು ಒತ್ತಿದ್ದೆ. ಪ್ರತಿ ಸಲವೂ ನಾಲ್ಕು ದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆವತ್ತಿನಿಂದ ನನ್ನದು ಒಂದೇ ಲೆಕ್ಕ. ಕಳಿಸೋದನ್ನು ಯಂತ್ರಕ್ಕೆ ಬಿಡೋಣ, ಕೇಳೋದನ್ನು ಮಾತ್ರ ಯಾರಿಗೂ ಬಿಟ್ಟುಕೊಡೋದು ಬೇಡ. ಹ್ಯಾಮ್‌ಗಳ ನಡುವೆ ಮೋರ್ಸ್ ಕಾಂಟೆಸ್ಟ್ ಬಗ್ಗೆ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ. ನಾನು ಎಳೆದಿದ್ದು ಇಲ್ಲಿ. ಈ ಲೆಕ್ಕದಲ್ಲಿ ಮೊದಲ ಕಾಂಟೆಸ್ಟಿಗೆ ಹೇಗೆ ತಯಾರಾಗಬೇಕು ಅಂತ ಹೇಳುತ್ತೇನೆ. ಲೈಸೆನ್ಸ್ ಕೈಯಲ್ಲಿದೆ, ಒಂದು ರೇಡಿಯೋ ಇದೆ, ಮುಂಬೈ ಕಡೆಯ ಫ್ಲ್ಯಾಟಿನಲ್ಲಿ ಇದ್ದೀರಿ ಅಂತ ಇಟ್ಟುಕೊಂಡಿದ್ದೇನೆ.

ಮೊದಲು ಕಿವಿ. ನಾನು ಮೋರ್ಸ್ ಕಲಿತದ್ದು ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್‌ನಲ್ಲಿ, ಮಹಿಳಾ ಡಬ್ಬಿಯ ಫೋರ್ತ್ ಸೀಟಿನಲ್ಲಿ. ಅಂದರೆ ಮೂರು ಜನರ ಬೆಂಚಿನ ತುದಿಯಲ್ಲಿ, ಅರ್ಧ ಕೂತು ಅರ್ಧ ನೇತಾಡಿ. ಕೈಯಲ್ಲಿ ಪೆನ್ನು ಹಿಡಿಯಲು ಜಾಗ ಇರಲಿಲ್ಲ. ಅದೇ ಒಳ್ಳೇದಾಯಿತು. ಬರೆದುಕೊಳ್ಳದೆ ತಲೆಯಲ್ಲೇ ಹಿಡಿಯುವ ಅಭ್ಯಾಸ ಬಂತು. ಚುಕ್ಕೆ ಗೆರೆಗಳ ಚಾರ್ಟ್ ಗೋಡೆಗೆ ಅಂಟಿಸಬೇಡಿ. ಶಿರಸಿಯಲ್ಲಿ ನಮ್ಮ ಮಾವ ಮದ್ದಳೆ ಹೇಳಿಕೊಡುವಾಗ ಪುಸ್ತಕ ತೆಗೆದದ್ದೇ ನಾನು ನೋಡಿಲ್ಲ. ಬಾಯಲ್ಲಿ ಹೇಳು, ಆಮೇಲೆ ಕೈ ಹಾಕು ಅನ್ನುತ್ತಿದ್ದರು. ಮೋರ್ಸೂ ಹಾಗೇ. ದಾದಿದಾದಿ ಅನ್ನುವುದು ಪೂರ್ತಿ ಒಂದು ಸದ್ದು, ಆ ಸದ್ದಿನ ಹೆಸರು ಸಿ. ಒಳಗೆ ಎಷ್ಟು ಗಿಡ್ಡ, ಎಷ್ಟು ಉದ್ದ ಅಂತ ಎಣಿಸುತ್ತಾ ಕೂತರೆ ನಿಮಿಷಕ್ಕೆ 10 ಪದದ ಹತ್ತಿರ ಗೋಡೆಗೆ ತಲೆ ಹೊಡೆದ ಹಾಗೆ ನಿಂತುಬಿಡುತ್ತೀರಿ.

ಕಾಕ್ ವಿಧಾನ ಅಂತ ಒಂದಿದೆ. ಮೊದಲ ದಿನವೇ ಪೂರ್ತಿ ವೇಗದಲ್ಲಿ, ಆದರೆ ಎರಡೇ ಅಕ್ಷರ. ಅವು ನೂರಕ್ಕೆ 90 ಸರಿ ಬಂದರೆ ಮೂರನೆಯದು. ಎಲ್‌ಸಿಡಬ್ಲ್ಯೂಓ ಅನ್ನುವ ವೆಬ್‌ಸೈಟಿನಲ್ಲಿ ಇದು ಪುಕ್ಕಟೆ ಸಿಗುತ್ತದೆ, ಕೆ ಮತ್ತು ಎಂ ಇಂದ ಶುರು. ನನಗೆ ಎಲ್ಲ ಅಕ್ಷರ, ಅಂಕಿ ಮುಗಿಯಲು 5 ತಿಂಗಳು ಹಿಡಿಯಿತು. ಎಚ್ ಮತ್ತು 5 ಈಗಲೂ ಕಾಡುತ್ತವೆ. ಎಚ್‌ಗೆ ನಾಲ್ಕು ದಿ, 5ಕ್ಕೆ ಐದು. ವೇಗ ಜಾಸ್ತಿಯಾದರೆ ಎರಡೂ ಚಿಲಿಪಿಲಿ.

ಅಕ್ಷರ ಬಂದ ಮೇಲೆ ಮೋರ್ಸ್ ರನ್ನರ್ ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಅದೂ ಪುಕ್ಕಟೆ. ಕಂಪ್ಯೂಟರೊಳಗೇ ಸುಳ್ಳು ಕಾಂಟೆಸ್ಟ್ ನಡೆಸುತ್ತದೆ. ನಾಲ್ಕಾರು ಜನ ಒಟ್ಟಿಗೆ ಕರೆಯುತ್ತಾರೆ, ಒಬ್ಬರ ದನಿ ಏರಿಳಿಯುತ್ತದೆ, ಮಧ್ಯೆ ಗರಗರ. ದಿನಾ 15 ನಿಮಿಷ ಸಾಕು.

ಇಲ್ಲಿ ಒಂದು ಸಮಾಧಾನದ ವಿಷಯ. ಕಾಂಟೆಸ್ಟಿನಲ್ಲಿ ದೊಡ್ಡ ಸ್ಟೇಷನ್ನುಗಳು ನಿಮಿಷಕ್ಕೆ 30, 35 ಪದದಲ್ಲಿ ಓಡುತ್ತಿರುತ್ತವೆ. ಮೊದಲ ಸಲ ಕೇಳಿದಾಗ ನಾನು ರೇಡಿಯೋ ಆಫ್ ಮಾಡಿ ಎದ್ದುಹೋಗಿದ್ದೆ. ಆದರೆ ಆ ವೇಗದಲ್ಲಿ ಕಥೆ ಕಾದಂಬರಿ ಅರ್ಥ ಮಾಡಿಕೊಳ್ಳಬೇಕಾಗಿಲ್ಲ. ಅವರ ಕಾಲ್‌ಸೈನ್, ನಮ್ಮ ಕಾಲ್‌ಸೈನ್, ಒಂದು ನಂಬರು. ಅಷ್ಟೇ ಬೇಕಾದದ್ದು. ಅವರು ಅದನ್ನೇ ಸಾವಿರ ಸಲ ಹೇಳುತ್ತಿರುತ್ತಾರೆ. ಮೂರು ಸಲ ಕೇಳಿ, ಖಾತ್ರಿಯಾದ ಮೇಲೆ ಕರೆಯಿರಿ. ಹೊಸಬರಿಗಾಗಿ ವೇಗ ಇಳಿಸಬೇಕು ಅನ್ನುವುದು ಹಳೇ ಜಗಳ. ಇಳಿಸಬೇಕು ಅಂತಲೇ ನನ್ನ ಅಭಿಪ್ರಾಯ. ನೀವು 20ರಲ್ಲಿ ಕರೆದರೆ ಎಷ್ಟೋ ಜನ ತಾವೂ 24ಕ್ಕೆ ಇಳಿಯುತ್ತಾರೆ. ಇಳಿಯದವರನ್ನು ಬಿಟ್ಟು ಮುಂದೆ ಹೋಗಿ.

ಯಾವ ಕಾಂಟೆಸ್ಟ್? ಮೊದಲನೆಯದಕ್ಕೆ ಸಿಕ್ಯೂ ವರ್ಲ್ಡ್ ವೈಡ್ ಮೋರ್ಸ್ ಕಾಂಟೆಸ್ಟೇ ಸರಿ. ನವೆಂಬರಿನ ಕೊನೆಯ ಪೂರ್ತಿ ವಾರಾಂತ್ಯದಲ್ಲಿ 48 ಗಂಟೆ. ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದ ಲೆಕ್ಕದಲ್ಲಿ ಶನಿವಾರ 00:00ಕ್ಕೆ ಶುರು, ಅಂದರೆ ನಮಗೆ ಶನಿವಾರ ಬೆಳಗ್ಗೆ 5:30. ಮುಗಿಯುವುದು ಸೋಮವಾರ ಅದೇ ಹೊತ್ತಿಗೆ. ಕೊಡಬೇಕಾದದ್ದು 599 ಮತ್ತು ಕಾಂಟೆಸ್ಟಿಗಾಗಿ ಜಗತ್ತನ್ನು ಹಂಚಿದ ವಲಯಗಳಲ್ಲಿ ನಮ್ಮದರ ನಂಬರು. ಭಾರತ 22ನೇ ವಲಯ. ಎಲ್ಲರಿಗೂ ಅದನ್ನೇ ಕೊಡುವುದರಿಂದ ಎರಡು ಗಂಟೆಯಲ್ಲಿ ನಿದ್ದೆಗಣ್ಣಲ್ಲೂ ಬರುತ್ತದೆ. ಮೇ ಕೊನೆಯ ವಾರಾಂತ್ಯದಲ್ಲಿ ಬರುವ ಡಬ್ಲ್ಯೂಪಿಎಕ್ಸ್ ಅನ್ನುವ ಕಾಂಟೆಸ್ಟಿನಲ್ಲಿ ಪ್ರತಿಯೊಬ್ಬರ ಕ್ರಮಸಂಖ್ಯೆ ಬರೆದುಕೊಳ್ಳಬೇಕು. ಮೇಲಿಂದ ಮಳೆ ಮುಂಚಿನ ಮಿಂಚಿನ ಕರಕರ. ಅದು ಎರಡನೇ ವರ್ಷಕ್ಕಿರಲಿ.

ಈ 599 ಬಗ್ಗೆಯೂ ಜಗಳ ಇದೆ. ಇದು ಸಿಗ್ನಲ್ ಹೇಗಿದೆ ಅಂತ ಹೇಳುವ ವರದಿ. 5 ಅಂದರೆ ಸ್ಪಷ್ಟ, ಮೊದಲ 9 ಜೋರು, ಎರಡನೇ 9 ಶುದ್ಧ ಸ್ವರ. ಕಾಂಟೆಸ್ಟಿನಲ್ಲಿ ಸರಿಯಾಗಿ ಕೇಳಿಸದೆ ನಾಲ್ಕು ಸಲ ಹೇಳಿಸಿಕೊಂಡವರಿಗೂ 599 ಕೊಡುತ್ತಾರೆ. ಅದೂ 9ರ ಬದಲು ಎನ್ ಹಾಕಿ, 5ಎನ್‌ಎನ್ ಅಂತ ಚಿಕ್ಕದು ಮಾಡಿ. ಮಾಟುಂಗದಲ್ಲಿ ನಮ್ಮ ಹಿರಿಯ ಹ್ಯಾಮ್ ಒಬ್ಬರಿದ್ದಾರೆ, ನನಗೆ ಪ್ಯಾಡಲ್ ಹಿಡಿಯಲು ಕಲಿಸಿದವರು. ಫಿಲ್ಟರ್ ಕಾಫಿ ಮುಂದಿಟ್ಟುಕೊಂಡು ಅವರು ಪ್ರತಿ ಸಲ ಹೇಳುವುದು ಒಂದೇ: ‘ಸುಳ್ಳು ಹೇಳೋದಕ್ಕೆ ಅಷ್ಟೊಂದು ಕರೆಂಟ್ ಯಾಕಮ್ಮ ಸುಡ್ತೀರಿ?’ ಅವರು ಹೇಳೋದು ಸರಿಯೇ. ಆದರೆ ನನಗೆ ಅದು ವರದಿ ಅಲ್ಲ, ಪೀಠಿಕೆ. ಫೋನಿನಲ್ಲಿ ‘ಹಾಂ, ಹೇಳಿ’ ಅಂತೀವಲ್ಲ, ಆ ಥರ. 5ಎನ್‌ಎನ್ ಬರುವಷ್ಟರಲ್ಲಿ ಕಿವಿ ಸರಿಮಾಡಿಕೊಂಡು ಮುಂದಿನ ನಂಬರಿಗೆ ಕಾಯಬಹುದು.

ಇನ್ನು ಆಂಟೆನಾ ತಂತಿ. 7 ಮೆಗಾಹರ್ಟ್ಸ್‌ಗೆ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ, ಕಟ್ಟಿ. ಒಟ್ಟು ಉದ್ದ ಸುಮಾರು 20 ಮೀಟರ್, ಎರಡೂ ಕಡೆ ಹತ್ತತ್ತು. ಅದೇ ತಂತಿ 21 ಮೆಗಾಹರ್ಟ್ಸ್‌ನಲ್ಲೂ ನಡೆಯುತ್ತದೆ, ಏಕೆಂದರೆ 7ರ ಮೂರು ಪಟ್ಟು 21. ಚೂರು ಹೆಚ್ಚುಕಡಿಮೆ ಇದ್ದರೆ ಟ್ಯೂನರ್ ಸರಿಮಾಡುತ್ತದೆ. ಹಗಲಿಗೊಂದು ಬ್ಯಾಂಡ್ (ಫ್ರೀಕ್ವೆನ್ಸಿಗಳ ಪಟ್ಟಿ), ರಾತ್ರಿಗೊಂದು ಬ್ಯಾಂಡ್, ತಂತಿ ಒಂದೇ. ನಮ್ಮ ಟೆರೇಸಿನಲ್ಲಿ ನಡುವೆ ಬಿದಿರು ನಿಲ್ಲಿಸಿ, ಬುಡವನ್ನು ಮರಳು ತುಂಬಿದ ಪೇಂಟ್ ಡಬ್ಬಿಯಲ್ಲಿ ಹೂತು, ಎರಡು ತುದಿಗಳನ್ನು ಪ್ಯಾರಪೆಟ್‌ಗೆ ಇಳಿಸಿದ್ದೇನೆ. ತಂತಿ ತೆಳ್ಳಗೆ, ಕಪ್ಪು ಬಣ್ಣದ್ದು ಇರಲಿ. ಕಣ್ಣಿಗೆ ಬೀಳದ ಆಂಟೆನಾ ಸೊಸೈಟಿ ಮೀಟಿಂಗಿಗೂ ಬೀಳುವುದಿಲ್ಲ. ಹಾಗಂತ ಕದ್ದು ಕಟ್ಟಬೇಡಿ, ಮೊದಲೇ ಪತ್ರ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಜನವರಿಯಲ್ಲಿ ಗಾಳಿಪಟದ ಮಾಂಜಾ ಸಿಕ್ಕಿಹಾಕಿಕೊಂಡು ಎಳೆದಾಡುತ್ತದೆ, ಸಂಕ್ರಾಂತಿ ವಾರ ತಂತಿ ಇಳಿಸಿಬಿಡಿ. ಮಳೆಗಾಲದಲ್ಲಿ ಕೇಬಲ್ ಕನೆಕ್ಟರಿನೊಳಗೆ ನೀರು ಹೋಗುತ್ತದೆ, ಕಾಂಟೆಸ್ಟಿಗೆ ಮುಂಚೆ ಬಿಚ್ಚಿ ನೋಡಿ. ಹಸಿರು ಬಂದಿದ್ದರೆ ಕತ್ತರಿಸಿ ಹೊಸದು ಹಾಕಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ.

ರೇಡಿಯೋದಲ್ಲಿ ಕೇಳುವ ಗದ್ದಲದ ಮೂಲ ಹುಡುಕುವುದು ಇದಕ್ಕಿಂತ ದೊಡ್ಡ ಕೆಲಸ. ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಗದ್ದಲ ಇಳಿದರೆ ಕಳ್ಳ ಒಳಗೇ ಇದ್ದಾನೆ. ನಮ್ಮಲ್ಲಿ ಒಬ್ಬ ಮೊಬೈಲ್ ಚಾರ್ಜರ್, ಇನ್ನೊಬ್ಬ ದೇವರ ಮನೆಯ ಎಲ್ಇಡಿ ದೀಪದ ಸರ. ಅತ್ತೆಯವರನ್ನು ಒಪ್ಪಿಸಿ ಎರಡು ದಿನದ ಮಟ್ಟಿಗೆ ಎಣ್ಣೆ ದೀಪ. ಬೆಳಗ್ಗೆ 6ಕ್ಕೆ ಶುರುವಾಗುವ ಸೊಸೈಟಿ ಪಂಪಿಗೆ ಮಾತ್ರ ಮದ್ದಿಲ್ಲ. ಆ 40 ನಿಮಿಷ ನಾನು ದೋಸೆ ಹುಯ್ಯುತ್ತೇನೆ.

ಈಗ ಯಂತ್ರ. ಎನ್1ಎಂಎಂ ಅನ್ನುವ, ಸಂಪರ್ಕಗಳನ್ನು ದಾಖಲಿಸುವ ಲಾಗಿಂಗ್ ಪ್ರೋಗ್ರಾಂ ಪುಕ್ಕಟೆ. ಕಂಪ್ಯೂಟರನ್ನು ರೇಡಿಯೋಗೆ ಜೋಡಿಸಿದರೆ ಎಫ್1 ಒತ್ತಿದಾಗ ಸಿಕ್ಯೂ (ಯಾರಾದರೂ ಉತ್ತರಿಸಿ ಅನ್ನುವ) ಕರೆ, ಎಫ್2ಗೆ 599 22, ಎಫ್4ಗೆ ನಮ್ಮ ಕಾಲ್‌ಸೈನ್ ಹೋಗುತ್ತದೆ. ನಾಲ್ಕನೇ ‘ದಿ’ ನುಸುಳುವುದಿಲ್ಲ. ‘ಇದು ಮೋರ್ಸೇ ಅಲ್ಲ, ಟೈಪಿಂಗ್’ ಅಂತ ಮಾಟುಂಗದವರು ಮುನಿಸಿಕೊಂಡಿದ್ದಾರೆ. ಆದರೆ ನಾನು ಕೆಟ್ಟದಾಗಿ ಕಳಿಸಿದರೆ ತೊಂದರೆಯಾಗುವುದು ಕೇಳುವವರಿಗೆ, ಅಲ್ವಾ? ಕಾಂಟೆಸ್ಟ್ ಇಲ್ಲದ ದಿನ ಪ್ಯಾಡಲ್ ಹಿಡಿದು ಅವರ ಜೊತೆ ಹರಟೆ ಹೊಡೆಯುತ್ತೇನೆ, ತಪ್ಪುಗಳ ಸಮೇತ.

ಕೇಳುವುದಕ್ಕೂ ಯಂತ್ರ ಇದೆ. ಸಿಡಬ್ಲ್ಯೂ ಸ್ಕಿಮ್ಮರ್ ಅನ್ನುವ ಪ್ರೋಗ್ರಾಂ ಬ್ಯಾಂಡಿನಲ್ಲಿರುವ ಎಲ್ಲರ ಮೋರ್ಸನ್ನೂ ಒಟ್ಟಿಗೆ ಓದುತ್ತದೆ. ಅಂಥವನ್ನು ಜಗತ್ತಿನ ತುಂಬ ಇಟ್ಟು, ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಅಂತ ಇಂಟರ್‌ನೆಟ್ಟಿಗೆ ಹಾಕುವ ಜಾಲಕ್ಕೆ ರಿವರ್ಸ್ ಬೀಕನ್ ನೆಟ್‌ವರ್ಕ್ ಅಂತ ಹೆಸರು. ಬಳಸಬಹುದು, ಆದರೆ ಆಗ ನಿಮ್ಮ ವಿಭಾಗ ‘ಅಸಿಸ್ಟೆಡ್’, ಅಂದರೆ ನೆರವು ಪಡೆದವರದು. ಮೋರ್ಸನ್ನು ಅಕ್ಷರವಾಗಿಸುವ ಡಿಕೋಡರ್ ಇಟ್ಟುಕೊಂಡರೂ ಅಷ್ಟೇ. ಗುಟ್ಟಾಗಿ ಬಳಸಿ ಕಿವಿಯವರ ಸಾಲಿನಲ್ಲಿ ನಿಂತರೆ ಅದು ಮೋಸ. ನನ್ನದು ಅಸಿಸ್ಟೆಡ್ ಅಲ್ಲದ ವಿಭಾಗ. ಸ್ಕೋರ್ ಕಡಿಮೆ. ಆದರೆ ಗರಗರದ ಅಡಿಯಿಂದ ಒಂದು ಕಾಲ್‌ಸೈನ್ ನಿಧಾನಕ್ಕೆ ಮೇಲೆ ಬರುತ್ತದಲ್ಲ, ಅದನ್ನು ಪರದೆ ಮೇಲೆ ಮೊದಲೇ ಓದಿಬಿಟ್ಟರೆ ನನಗೆ ಉಳಿಯುವುದೇನು?

ನೀವು ಇಂಟರ್‌ನೆಟ್ಟಿನ ಆ ಪಟ್ಟಿ ನೋಡಿಕೊಂಡೇ ಹೋಗುವುದಾದರೆ ಒಂದು ಕಿವಿಮಾತು. ಅದರಲ್ಲಿ ತೋರಿಸಿದ ಫ್ರೀಕ್ವೆನ್ಸಿಗೇ ಎಲ್ಲರೂ ಕ್ಲಿಕ್ ಮಾಡಿ ಬಂದಿರುತ್ತಾರೆ. ಎಲ್ಲರ ಸ್ವರ ಒಂದೇ ಆಗಿ ಆ ಕಡೆಯವರಿಗೆ ಉದ್ದನೆಯ ‘ಕೂಂ’ ಬಿಟ್ಟರೆ ಏನೂ ಕೇಳಿಸುವುದಿಲ್ಲ. 50ರಿಂದ 100 ಹರ್ಟ್ಸ್ ಪಕ್ಕಕ್ಕೆ ಸರಿದು ಕರೆಯಿರಿ. ಒಂದೇ ಸಲ ಕಾಲ್‌ಸೈನ್ ಕೊಟ್ಟು ಸುಮ್ಮನಿರಿ.

ಶನಿವಾರ ಹೀಗೆ ಸಾಗುತ್ತದೆ. ಬೆಳಗ್ಗೆ 21 ಮೆಗಾಹರ್ಟ್ಸ್‌ನಲ್ಲಿ ಜಪಾನ್. ಚೊಕ್ಕ ಮೋರ್ಸ್, ತಾಳ್ಮೆಯ ಜನ, ಹೊಸಬರಿಗೆ ಇದಕ್ಕಿಂತ ಒಳ್ಳೆ ಶುರು ಇಲ್ಲ. ಆದರೆ ಅವರೂ ಏಷ್ಯಾದವರೇ ಆದ್ದರಿಂದ ಒಬ್ಬರಿಗೆ 1 ಪಾಯಿಂಟ್ ಮಾತ್ರ. ಮಧ್ಯಾಹ್ನದ ಮೇಲೆ ಯುರೋಪ್ ಬರುತ್ತದೆ, ಒಬ್ಬರಿಗೆ 3. ಪುಣೆಯ ಗೆಳತಿ ಸಿಕ್ಕರೆ ಸೊನ್ನೆ, ಆದರೆ ಆ ಬ್ಯಾಂಡಿನಲ್ಲಿ ದೇಶ ಮತ್ತು ವಲಯದ ಲೆಕ್ಕಕ್ಕೆ ಬರುತ್ತಾಳೆ. ಕೊನೆಗೆ ಪಾಯಿಂಟುಗಳನ್ನು ಗುಣಿಸುವುದು ಆ ದೇಶ, ವಲಯಗಳ ಸಂಖ್ಯೆಯಿಂದಲೇ. ರಾತ್ರಿ 7 ಮೆಗಾಹರ್ಟ್ಸ್.

ಮೊದಲ ದಿನ ಬರೀ ಹುಡುಕಿ ಹುಡುಕಿ ಕರೆಯಿರಿ. ಭಾನುವಾರ ಸಂಜೆ ಧೈರ್ಯ ಬಂದರೆ ಖಾಲಿ ಜಾಗ ನೋಡಿ, ಯಾರಾದರೂ ಇದ್ದಾರಾ ಅಂತ ಕೇಳಿ, ನೀವೇ ಸಿಕ್ಯೂ ಕೊಡಿ. ಯುರೋಪಿನವರಿಗೆ ವಿಯು ಅಂದರೆ ಗುಣಕ, ಮುತ್ತಿಕೊಳ್ಳುತ್ತಾರೆ. ನನ್ನ ಮೇಲೆ ಮೊದಲ ಸಲ ಹಾಗೆ ಬಿದ್ದಾಗ ಕೇಳಿಸಿದ್ದು ದಾದರ್ ಸ್ಟೇಷನ್ನಿನ ಸಂಜೆ. ಪೂರ್ತಿ ಯಾರದೂ ಸಿಗಲಿಲ್ಲ. ಕೊನೆಯ ಎರಡು ಅಕ್ಷರ ಸಿಕ್ಕಿದ್ದನ್ನೇ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದೆ. ಗದ್ದಲ ನಿಂತು ಒಬ್ಬರೇ ಉತ್ತರಿಸಿದರು. ಹಾಗೇ ಮಾಡಿ.

ಕಾಂಟೆಸ್ಟಿನಿಂದ ಬ್ಯಾಂಡೇ ಹಾಳು ಅನ್ನುವವರು ನಿಮಗೂ ಸಿಗುತ್ತಾರೆ. ಜಗಳಕ್ಕೆ ನಿಲ್ಲಬೇಡಿ. 18 ಮತ್ತು 24 ಮೆಗಾಹರ್ಟ್ಸ್‌ನಲ್ಲಿ ಕಾಂಟೆಸ್ಟ್ ನಡೆಸುವುದಿಲ್ಲ, ಅವರಿಗೆ ಅಲ್ಲಿ ಜಾಗ ಇದೆ. ಮಾಟುಂಗದವರು ಆ ಎರಡು ದಿನ ಅಲ್ಲೇ ಇರುತ್ತಾರೆ.

ಲಾಗ್ ಕಳಿಸುವ ಗಡುವು ಬಹಳ ಚಿಕ್ಕದು, ಸೋಮವಾರವೇ ಅಪ್‌ಲೋಡ್ ಮಾಡಿಬಿಡಿ. 20 ಸಂಪರ್ಕ ಇದ್ದರೂ ಕಳಿಸಿ. ಆಮೇಲೆ ಎಲ್ಲರ ಲಾಗುಗಳನ್ನು ತಾಳೆ ಹಾಕುತ್ತಾರೆ. ಕಾಲ್‌ಸೈನ್ ತಪ್ಪು ಬರೆದಿದ್ದರೆ ಆ ಪಾಯಿಂಟೂ ಹೋಗುತ್ತದೆ, ಮೇಲೆ ದಂಡ. ಮೊದಲ ವರ್ಷ ನಾನು ಕಳಿಸಿದ್ದು 63. ಉಳಿದದ್ದು 58. ಹೋದ 5ರಲ್ಲಿ ಎರಡು ಕಡೆ ಎಚ್ ಇದ್ದಲ್ಲಿ 5 ಬರೆದಿದ್ದೆ. ಅದನ್ನು ತಿದ್ದಲು ಈಗ ಲೋಕಲ್‌ನಲ್ಲಿ ಬೇರೇನೂ ಇಲ್ಲ, ಬರೀ ಎಚ್, ಎಸ್, 5. ಕಲ್ಯಾಣದಿಂದ ಬರುವ ಪಕ್ಕದ ಸೀಟಿನವರು ಮೊನ್ನೆ ಇಯರ್‌ಫೋನಿನಿಂದ ಸೋರಿದ್ದು ಕೇಳಿ, ಮೊಬೈಲ್ ಕೆಟ್ಟಿದೆ, ರಿಪೇರಿಗೆ ಕೊಡಿ ಅಂದರು.