ಮಗ್ಗದ ಮೇಲೆ ಒಡೆದ ಬಲ್ಬು

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಗುಳೇದಗುಡ್ಡದ ನಮ್ಮ ಓಣಿಯ ಕಾಕಾ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. "ತಮ್ಮಾ, ಮಗ್ಗದ ಮ್ಯಾಲಿನ ಬಲ್ಬ್ ಒಡದೈತಿ. ಬುಡ ಹೋಲ್ಡರ್‌ನ್ಯಾಗ ಉಳದೈತಿ. ನಾನ ಕೀಳಾಕ ಹೋಗಿದ್ದೆ, ನಿಮ್ಮ ಕಾಕಿ ಬಿಡಲಿಲ್ಲ."

ಕಾಕಿ ಬಿಡದಿದ್ದದ್ದೇ ಒಳ್ಳೆಯದಾಯಿತು. ಯಾಕೆ ಅಂತ ಹೇಳುತ್ತೇನೆ.

ಕಾಕಾ ಕುಪ್ಪಸದ ಖಣ ನೇಯುತ್ತಾರೆ. ಅವರದು ಕುಣಿಮಗ್ಗ, ಅಂದರೆ ಕಾಲು ಇಳಿಬಿಟ್ಟು ಕೂರಲು ನೆಲದಲ್ಲೇ ತಗ್ಗು ಇರುತ್ತದೆ. ಬಣ್ಣ ಸರಿಯಾಗಿ ಕಾಣಬೇಕು ಅಂತ ಇನ್ನೂ ಹಳೇ 60 ವ್ಯಾಟ್ ಬಲ್ಬನ್ನೇ ಮಗ್ಗದ ಮೇಲೆ ಇಳಿಬಿಟ್ಟಿದ್ದರು. ಈ ಬಲ್ಬು ಎಳೆಯುವ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಶಾಖವಾಗಿ ಹೋಗುತ್ತದೆ. ರಾತ್ರಿ ಮಾಳಿಗೆ ಸೋರಿ, ಸುಡುವ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿದ್ದಿದೆ. ಫಟ್! ಆಮೇಲೆ ಕಾಕಾ ಸ್ವಿಚ್ ಆರಿಸಿ ಮಲಗಿದ್ದರು.

ನಾನು ಹೋಗಿ ನೋಡಿದಾಗ ಹಿತ್ತಾಳೆಯ ಬುಡ, ಅದರ ಸುತ್ತ ಗರಗಸದ ಹಲ್ಲಿನಂತೆ ಗಾಜು, ನಡುವೆ ಗಾಜಿನ ಸಣ್ಣ ಕಂಬ, ಅದರಿಂದ ಚಾಚಿಕೊಂಡ ಎರಡು ತಂತಿ. ಸ್ವಿಚ್ ಆಫ್ ಇತ್ತು. ಆದರೂ ಟೆಸ್ಟರ್ ತೆಗೆದು, ಮೊದಲು ಪ್ಲಗ್ಗಿನಲ್ಲಿ ಉರಿಯುತ್ತದೋ ಅಂತ ನೋಡಿಕೊಂಡೆ. ಆಮೇಲೆ ಆ ಎರಡು ತಂತಿಗೆ ಹಿಡಿದೆ. ಒಂದಕ್ಕೆ ಉರಿಯಲಿಲ್ಲ. ಇನ್ನೊಂದಕ್ಕೆ ಕೆಂಪಗೆ ಉರಿಯಿತು!

"ಬಂದ್ ಮಾಡೀನಲ್ಲೋ" ಅಂದರು ಕಾಕಾ.

ಮಾಡಿದ್ದು ನಿಜ. ಆದರೆ ಹಿಂದೆ ಯಾರೋ ವೈರಿಂಗ್ ಮಾಡಿದವರು ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಗೆ ಕೊಡುವ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿದ್ದರು. ಹೀಗಿದ್ದರೆ ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ಆದರೆ 230 ವೋಲ್ಟ್ ಹೋಲ್ಡರ್‌ವರೆಗೂ ಬಂದು ನಿಂತಿರುತ್ತದೆ. ಬಲ್ಬು ಚೆನ್ನಾಗಿರುವ ತನಕ ಯಾರಿಗೂ ಗೊತ್ತೇ ಆಗುವುದಿಲ್ಲ. ಹಳೇ ಮನೆಗಳಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ. ಕಾಕಾ ಬರಿಗೈಯಲ್ಲಿ ಕೀಳಲು ಹೋಗಿದ್ದರೆ ಗಾಜು ಚುಚ್ಚುವ ಮಾತು ಹಾಗಿರಲಿ, ಶಾಕ್ ಹೊಡೆಯುತ್ತಿತ್ತು.

ಮೇನ್ ಸ್ವಿಚ್ ಇಳಿಸಿದೆ. ಮತ್ತೆ ಅದೇ ತಂತಿಗೆ ಟೆಸ್ಟರ್ ಹಿಡಿದೆ. ಉರಿಯಲಿಲ್ಲ. ಈಗ ಕೈ ಹಾಕಬಹುದು. ಇನ್ವರ್ಟರ್ ಇರುವ ಮನೆಯಾದರೆ ಇಷ್ಟು ಸಾಲದು. ಬಾಗಲಕೋಟೆ ನವನಗರದ ಒಂದು ಮನೆಯಲ್ಲಿ ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ಚಾಲೂ ಆಗಿ ಅದೇ ಪಾಯಿಂಟಿಗೆ ಕರೆಂಟ್ ಕೊಟ್ಟಿತ್ತು. ಅಲ್ಲಿ ಇನ್ವರ್ಟರನ್ನೂ ಆರಿಸಬೇಕು, ಮತ್ತೆ ಟೆಸ್ಟರ್ ಹಿಡಿಯಬೇಕು.

ಕಾಕಿಗೆ ಚಿಂತೆ ಮಗ್ಗದ್ದು. ಹಾಸಿನ ನೂಲಿನ ಮೇಲೆ ಗಾಜಿನ ಚೂರು ಬಿದ್ದರೆ ಎಳೆ ಕಡಿಯುತ್ತದೆ, ಕೈಗೂ ಚುಚ್ಚುತ್ತದೆ. ರಾತ್ರಿ ಬಿದ್ದ ದೊಡ್ಡ ಚೂರುಗಳನ್ನು ಕಾಕಿಯೇ ಆಗಲೇ ಆರಿಸಿದ್ದರು. ಹೊದಿಸಲು ಒಂದು ಕೌದಿ ತಂದರು. ನಾನು ಬೇಡ ಅಂದೆ. ಕೌದಿಯ ಹೊಲಿಗೆ ಸಂದಿನಲ್ಲಿ ಗಾಜು ಕೂತರೆ ಯಾವತ್ತೋ ಮಲಗಿದಾಗ ಗೊತ್ತಾಗುತ್ತದೆ. ಖಾಲಿ ಗೊಬ್ಬರದ ಚೀಲ ಎರಡು ಸೀಳಿ ಹಾಸಿದೆವು. ನುಣುಪಾಗಿರುತ್ತದೆ, ಚೂರು ಜಾರಿ ಒಂದೇ ಕಡೆ ಬರುತ್ತದೆ. ತಗ್ಗಿನ ಬಾಯಿಗೂ ಒಂದು ಚೀಲ.

ನನ್ನ ಹತ್ತಿರ ಕಣ್ಣಿಗೆ ಹಾಕುವ ಕನ್ನಡಕ ಇರಲಿಲ್ಲ. ಬೈಕಿನ ಹೆಲ್ಮೆಟ್ ಹಾಕಿ ಗಾಜು ಇಳಿಸಿಕೊಂಡೆ. ಕಾಕಾನ ಮೊಮ್ಮಗ ಬಿದ್ದು ಬಿದ್ದು ನಕ್ಕ. ನಗಲಿ. ಕೆಳಗೆ ನಿಂತು ತಲೆ ಎತ್ತಿ ಮಾಡುವ ಕೆಲಸ ಇದು, ಚೂರು ಬೀಳುವುದು ನೇರ ಮುಖಕ್ಕೇ.

ಈಗ ಆಲೂಗಡ್ಡೆಯ ಮಾತು. ಅರ್ಧ ಕತ್ತರಿಸಿದ ಆಲೂಗಡ್ಡೆಯನ್ನು ಒಡೆದ ಗಾಜಿಗೆ ಒತ್ತಿ ತಿರುಗಿಸಿದರೆ ಬುಡ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಾಕಿ ಒಂದು ತೆಗೆದೂ ಇಟ್ಟಿದ್ದರು. ಅದು ತಿರುಪಿನ ಬಲ್ಬಿನ ಉಪಾಯ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಎರಡು ಪಿನ್ನಿನ ಬಲ್ಬು, 22 ಮಿಲಿಮೀಟರ್ ಬುಡದ್ದು. ಇದನ್ನು ಸುಮ್ನೆ ತಿರುಗಿಸಿದರೆ ಬರುವುದಿಲ್ಲ. ಒಳಗಿನ ಸ್ಪ್ರಿಂಗ್ ಕೆಳಕ್ಕೆ ದಬ್ಬುತ್ತಿರುತ್ತದೆ, ಪಿನ್ನು ಕೊಕ್ಕೆಯಾಕಾರದ ಸೀಳಿನಲ್ಲಿ ಸಿಕ್ಕಿರುತ್ತದೆ. ಮೊದಲು ಮೇಲಕ್ಕೆ ಒತ್ತಬೇಕು, ಆಮೇಲೆ ಎಡಕ್ಕೆ ತಿರುಗಿಸಬೇಕು. ಆಲೂಗಡ್ಡೆ ಹಿಡಿದು ಅಷ್ಟು ಜೋರಾಗಿ ಒತ್ತಿದರೆ ಗಾಜು ಅದನ್ನು ಸೀಳಿ ಅಂಗೈಗೆ ಬರುತ್ತದೆ. ತಿರುಪಿನ ಗೋಡೆ ದೀಪಕ್ಕೆ ನಾನೂ ಒಮ್ಮೆ ಮಾಡಿ ನೋಡಿದ್ದೆ. ಬುಡ ಬಂತು, ಆದರೆ ರಸ ಹೋಲ್ಡರಿನೊಳಗೆ ಇಳಿದು ಅದನ್ನು ಒರೆಸಿ ಒಣಗಿಸುವುದೇ ದೊಡ್ಡ ಕೆಲಸವಾಯಿತು. ಕಾಕಿಯ ಆಲೂಗಡ್ಡೆ ಪಲ್ಯಕ್ಕೆ ಹೋಯಿತು.

ದಪ್ಪ ಕೈಗವಸು ಹಾಕಿಕೊಂಡು ಚೂಪು ಮೂತಿಯ ಇಕ್ಕಳದಿಂದ (ನೋಸ್ ಪ್ಲಯರ್) ಅಂಚಿನ ಗಾಜನ್ನು ಒಂದೊಂದೇ ಮುರಿದು ತೆಗೆದೆ. ನಡುವಿನ ಕಂಬವನ್ನೂ ಮುರಿದೆ. ಈಗ ಉಳಿದದ್ದು ಬರೀ ಹಿತ್ತಾಳೆ ಬಳೆ. ಎಡಗೈಯಲ್ಲಿ ಹೋಲ್ಡರಿನ ಮೈ ಗಟ್ಟಿಯಾಗಿ ಹಿಡಿದೆ. ಇಳಿಬಿಟ್ಟ ಹೋಲ್ಡರ್ ಹಿಡಿಯದೇ ತಿರುಗಿಸಿದರೆ ಮೇಲಿನ ವೈರೇ ಹುರಿಗೊಂಡು ಕಿತ್ತು ಬರುತ್ತದೆ. ಪ್ಲಯರ್‌ನಿಂದ ಬಳೆಯ ಅಂಚು ಕಚ್ಚಿ, ಮೇಲಕ್ಕೆ ಒತ್ತಿ, ಎಡಕ್ಕೆ ತಿರುಗಿಸಿದೆ. ಜಾರಿತು. ಮತ್ತೊಮ್ಮೆ ಜಾರಿತು. ಒಂದು ಪಿನ್ನು ತುಕ್ಕಿಗೆ ಅಂಟಿಕೊಂಡಿತ್ತು. ಆಗ ಬಳೆಯ ಅಂಚನ್ನು ಎರಡು ಕಡೆ ಒಳಕ್ಕೆ ಮಡಚಿದೆ. ಹಿಡಿಯಲು ಕಿವಿಯಂತಾಯಿತು, ಬಳೆಯೂ ಸ್ವಲ್ಪ ಸಣ್ಣದಾಯಿತು. ಮೂರನೇ ಸಲಕ್ಕೆ ಟಕ್ ಅಂತ ಕಳಚಿತು. ಇಷ್ಟಕ್ಕೂ ಬಾರದಿದ್ದರೆ ನಾನು ಗುದ್ದಾಡುವುದಿಲ್ಲ. ಹೋಲ್ಡರನ್ನೇ ಬಿಚ್ಚಿ ಹೊಸದು ಹಾಕುತ್ತೇನೆ. ಅದರ ಬೆಲೆ ಒಂದು ಹೊಲಿಗೆ ಹಾಕಿಸಿಕೊಳ್ಳುವ ಖರ್ಚಿಗಿಂತ ಎಷ್ಟೋ ಕಡಿಮೆ.

ಕೊನೆಗೆ ಇಲ್ಲೂ ಹೋಲ್ಡರ್ ಬದಲಿಸಲೇ ಬೇಕಾಯಿತು. ಒಳಗೆ ನೀರು ಹೋಗಿ ಒಂದು ಸ್ಪ್ರಿಂಗ್ ಕಪ್ಪಾಗಿತ್ತು. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕಿ, ಸೋರುವ ಜಾಗ ಬಿಟ್ಟು ಒಂದು ಮೊಳ ಆಚೆ ಹೋಲ್ಡರ್ ಕಟ್ಟಿದೆ. ಹಳದಿ ಬೆಳಕಿನ ಎಲ್‌ಇಡಿ ಹಾಕುವಾಗ ಕಾಕಾ ಮುಖ ಸಿಂಡರಿಸಿದರು. ಕೆಂಪು ನೂಲು ಅದರ ಕೆಳಗೆ ಹಿಡಿದು ನೋಡಿ, "ನಡೀತೈತಿ" ಅಂದರು.

ಒಡೆದದ್ದು ಸಿಎಫ್‌ಎಲ್ ಆಗಿದ್ದರೆ ಮಾತೇ ಬೇರೆ. ಅದರಲ್ಲಿ ಒಂದಿಷ್ಟು ಪಾದರಸ ಇರುತ್ತದೆ. ಕಿಟಕಿ, ಬಾಗಿಲು ತೆಗೆದು, ಫ್ಯಾನ್ ಹಾಕದೆ, ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಬೇಕು. ಕಸಬರಿಗೆ ಮುಟ್ಟಿಸಬಾರದು.

ಉಳಿದದ್ದು ತಗ್ಗಿನ ಕೆಲಸ. ಕಾಕಾ ದಿನವಿಡೀ ಬರಿಗಾಲು ಇಳಿಬಿಟ್ಟು ಕೂರುವ ಜಾಗ ಅದು, ರಾತ್ರಿಯ ಪುಡಿಗಾಜು ಅಲ್ಲೇ ಇತ್ತು. ಕಸಬರಿಗೆಗೆ ಸಿಗುವ ಪುಡಿ ಅಲ್ಲ. ಕಾಕಿ ರೊಟ್ಟಿ ಹಿಟ್ಟು ನಾದಿದ್ದರು. "ಇದು ನಡೀತೈತೇನೋ?" ಅಂದರು. "ಜ್ವಾಳದ್ದು ಬ್ಯಾಡ್ರಿ ಕಾಕಿ, ಬಿರಿತೈತಿ. ಗೋದಿ ಕಣಕ ಕೊಡ್ರಿ" ಅಂದೆ. ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಹಿಡಿದರೆ ಸಣ್ಣ ಚೂರೂ ಮಿಣುಕುತ್ತದೆ. ಮೊಮ್ಮಗ ಟಾರ್ಚ್ ಹಿಡಿದ, ನಾನು ಕೈಗವಸು ಬಿಚ್ಚದೆ ಕಣಕದ ಉಂಡೆಯನ್ನು ಒತ್ತಿ ಒತ್ತಿ ತೆಗೆದೆ. ಮೂರು ಉಂಡೆ ಬೇಕಾಯಿತು.

ಆ ಉಂಡೆಗಳನ್ನು ಕಾಕಿ ಎಂದಿನಂತೆ ಹೊರಗೆ ಆಕಳಿಗೆ ಇಡಲು ಹೊರಟಿದ್ದರು. ಓಡಿ ಹೋಗಿ ಇಸಿದುಕೊಂಡೆ. ಗಾಜು, ಬಳೆ, ಉಂಡೆ ಎಲ್ಲವನ್ನೂ ಹಳೇ ಎಣ್ಣೆ ಡಬ್ಬಿಗೆ ತುಂಬಿ, ಬಾಯಿಗೆ ಟೇಪ್ ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆದು ಕಸದ ಗಾಡಿಯವನ ಕೈಗೇ ಕೊಟ್ಟೆ.