ಸ್ಟಾಕ್ ಸೈಲೆನ್ಸರ್‌ನಲ್ಲೇ ಒಳ್ಳೆ ಸೌಂಡ್ ಹಿಡಿದೆ

ಓಡುವ ಕಾರಿನ ಸೈಲೆನ್ಸರ್ ಸದ್ದು ರೆಕಾರ್ಡ್ ಮಾಡ್ತೀನಿ ಅಂದಾಗ "ಮೊದಲು ಸೈಲೆನ್ಸರ್ ಬದಲಿಸು, ಆಮೇಲೆ ರೆಕಾರ್ಡಿಂಗ್" ಅಂತ ಎಲ್ಲರೂ ಹೇಳಿದ್ದರು. ನಾನು ಬದಲಿಸಲಿಲ್ಲ, ಕಂಪನಿಯಿಂದ ಬಂದ ಸ್ಟಾಕ್ ಸೈಲೆನ್ಸರನ್ನೇ ಇಟ್ಟುಕೊಂಡೆ. ನನ್ನದು ಹಳೇ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್ ಎಂಜಿನ್. ಚಾರ್ಮಾಡಿ ಘಾಟಿಯಲ್ಲಿ ಹಿಡಿದ ಸೌಂಡ್ ಕೇಳಿ ಈಗ ಅದೇ ಗೆಳೆಯರು "ಯಾವ ಸೈಲೆನ್ಸರ್ ಹಾಕಿಸಿದೆ?" ಅಂತಾರೆ.

ಇಷ್ಟಾಗೋಕೆ ಐದಾರು ಸಾವಿರ ದಂಡ ಆಯ್ತು. ಮೊದಲು ನಾಲ್ಕು ಸಾವಿರದ ಒಂದು ವೈರ್‌ಲೆಸ್ ಮೈಕ್ ತಂದು ನಂಬರ್ ಪ್ಲೇಟ್ ಮೇಲೆ ಅಂಟಿಸಿದೆ. ಸ್ಪೀಡ್ ಅರವತ್ತು ದಾಟಿದರೆ ಬರೀ ಗಾಳಿ ಸದ್ದು. ಆಮೇಲೆ ಸೈಲೆನ್ಸರ್ ಬಾಯಿಗೆ ನೇರ, ಒಂದು ಗೇಣು ದೂರದಲ್ಲಿ ಕಾಲರ್ ಮೈಕ್ ಕಟ್ಟಿದೆ. ಹೊಗೆ ಬಡಿದು ಬರೀ ಪಟಪಟ. ಒಂದೇ ರೌಂಡಿಗೆ ಸ್ಪಂಜು ಕರಗಿ ಅಂಟಿಕೊಂಡಿತ್ತು, ಉಗುರಲ್ಲಿ ಕೆರೆದರೆ ಅದರ ಜೊತೆ ಮೈಕಿನ ಜಾಲರಿಯೂ ಕಿತ್ತು ಬಂತು.

ಕೊನೆಗೆ ಕೆಲಸ ಮಾಡಿದ್ದು ಹಿಂದಿನ ಬಂಪರ್ ಒಳಗಿನ ಪೊಳ್ಳು. ಸೈಲೆನ್ಸರ್ ಇರುವ ಕಡೆ ಅಲ್ಲ, ಇನ್ನೊಂದು ಮೂಲೆ, ಸುಮಾರು ಮೂರಡಿ ದೂರ. ಅಲ್ಲಿ ಗಾಳಿ ನೇರ ಹೊಡೆಯಲ್ಲ, ಬಿಸಿಯೂ ಇಲ್ಲ. ಮೈಕ್ ಎಲ್ಲೂ ತಗಡಿಗೆ ತಾಗಬಾರದು, ರಬ್ಬರ್ ಬ್ಯಾಂಡಿನಲ್ಲಿ ತೂಗುಬಿಡಿ. ವೈರನ್ನು ಡಿಕ್ಕಿಯ ರಬ್ಬರ್ ಬೀಡಿಂಗ್ ಸಂದಿಯಿಂದ ಒಳಗೆ ತಂದು, ಸೆಕೆಂಡ್ ಹ್ಯಾಂಡ್ ಜೂಮ್ ಎಚ್1ಎನ್ ರೆಕಾರ್ಡರಿಗೆ ಸಿಕ್ಕಿಸಿ, ಅದನ್ನು ಟವೆಲ್‌ನಲ್ಲಿ ಸುತ್ತಿಟ್ಟೆ. ರೆಕಾರ್ಡರಿಗೆ ಐದು ಸಾವಿರದ ಹತ್ತಿರ ಆಯ್ತು, ಮೈಕಿಗೆ ಸಾವಿರದೊಳಗೆ. ಮೈಕಿಗೆ ಸುತ್ತಿದ ಬಟ್ಟೆ ಯಾವುದು ಅಂತ ಮಾತ್ರ ಹೇಳಲ್ಲ, ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ.

ರೆಕಾರ್ಡಿಂಗ್ ಲೆವೆಲ್ಲನ್ನು ಐಡ್ಲಿಂಗ್‌ನಲ್ಲಿ, ಅಂದರೆ ನಿಂತ ಕಾರಿನ ಎಂಜಿನ್ ಸುಮ್ನೆ ಓಡುವಾಗ, ಸೆಟ್ ಮಾಡಬೇಡಿ. ನಾನು ಹಾಗೆ ಮಾಡಿ ಒಂದು ಇಡೀ ಟ್ರಿಪ್ ಕಳೆದುಕೊಂಡೆ, ಆಕ್ಸಿಲರೇಟರ್ ತುಳಿದಲ್ಲೆಲ್ಲ ಸೌಂಡ್ ಒಡೆದಿತ್ತು. ಸೆಕೆಂಡ್ ಗೇರಿನಲ್ಲಿ ಪೂರ್ತಿ ತುಳಿದು ನೋಡಿ, ಆಗ ಪೀಕ್, ಅಂದರೆ ಅತಿ ಜೋರಿನ ಸದ್ದು, ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡಿಬಿ ಆಸುಪಾಸು ಇರಲಿ. ತಗ್ಗು ಸದ್ದು ಕತ್ತರಿಸುವ ಲೋ ಕಟ್ 80 ಹರ್ಟ್ಜ್‌ಗಿಂತ ಮೇಲೆ ಬೇಡ, ಗುಡುಗೇ ಹೋಗಿಬಿಡುತ್ತೆ. ವಿಡಿಯೋಗೆ ಹೊಂದಿಸೋಕೆ ಹೊರಡುವಾಗ ಎರಡು ಸಲ ಹಾರನ್ ಹೊಡೆದರೆ ಸಾಕು.

ಜಾಗ ಮುಖ್ಯ. ಸ್ಪೀಡಾಗಿ ಓಡೋ ನೇರ ಹೈವೇ ಬೇಡ್ವೇ ಬೇಡ. ಚಾರ್ಮಾಡಿಯಲ್ಲಿ ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಸ್ಪೀಡ್ ನಲವತ್ತು ಐವತ್ತು ಅಷ್ಟೇ, ಗಾಳಿ ಕಮ್ಮಿ, ಆದರೆ ಎಂಜಿನ್ ಮೇಲೆ ಒಳ್ಳೆ ಲೋಡ್ ಇರುತ್ತೆ, ಪಕ್ಕದ ಗುಡ್ಡದ ಧರೆಗೆ ಬಡಿದು ಸದ್ದು ವಾಪಸ್ ಬರುತ್ತೆ. ಬೆಳಗ್ಗೆ ಆರಕ್ಕೆ ಹೋಗಿ, ಬಸ್ಸು ಕಮ್ಮಿ.

ಸುಮ್ನೆ ನೋಡೋಣ ಅಂತ ಎಂಜಿನ್ ಗಾಳಿ ಎಳೆಯುವ ಏರ್ ಫಿಲ್ಟರ್ ಬಾಕ್ಸ್ ಪಕ್ಕ ಇನ್ನೊಂದು ಮೈಕ್ ಇಟ್ಟಿದ್ದೆ. ಬರೀ ಅದನ್ನೇ ಕೇಳಿದರೆ ಗೊರಕೆ ಹೊಡೆದ ಹಾಗಿರುತ್ತೆ. ಬಂಪರ್ ಮೈಕಿನ ಸೌಂಡಿಗೆ ಸ್ವಲ್ಪ ಬೆರೆಸಿದರೆ ಮಾತ್ರ ಕಾರಿನೊಳಗೇ ಕೂತ ಹಾಗೆ ಕೇಳುತ್ತೆ. ಎಷ್ಟು ಬೆರೆಸಬೇಕು ಅನ್ನೋದು ನಿಮ್ಮ ಕಿವಿಗೆ ಬಿಟ್ಟಿದ್ದು.