ಕಾಯುವ ರೊಟ್ಟಿ, ಕಾಯದ ನಾಟಕ

ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕ ಏಳೂವರೆಗೆ ಅಂದರೆ ಏಳೂವರೆಗೇ. ತಡವಾಗಿ ಬಂದವರನ್ನು ಒಳಗೆ ಬಿಡೋದಿಲ್ಲ. ಇದು ಗೊತ್ತಿದ್ದೂ ನಾನು ಮೊದಲ ಸಲ ಅಲ್ಲಿಗೆ ಹೋದಾಗ ಗಂಟೆ 7.34. ಆಫೀಸಿನಿಂದ ಮನೆಗೆ ಓಡಿ, ಅನ್ನ ಸಾರು ಮಾಡಿಟ್ಟು, ಸೀರೆ ಉಟ್ಟು ಹೊರಟಿದ್ದೆ. ಸಾರಿಗೆ ಒಗ್ಗರಣೆ ಹಾಕಿದ ಆ ನಾಲ್ಕು ನಿಮಿಷ ನಾಟಕವನ್ನೇ ನುಂಗಿತು. ತಪ್ಪು ನನ್ನದೇ, ಯಾರ ಮೇಲೆ ಸಿಟ್ಟು ಮಾಡೋದು? ಹೊರಗೆ ಕೂತು ಕಾಫಿ ಕುಡಿದು ವಾಪಸ್ ಬಂದೆ. ಮನೆಯಲ್ಲಿ ಸಾರೂ ಆರಿಹೋಗಿತ್ತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವ್ವ ನಕ್ಕಳು. ‘ನಾಟಕಕ್ಕ ಹೋಗೂ ದಿನ ಯಾರರ ಸಾರು ಮಾಡ್ತಾರೇನವಾ? ರೊಟ್ಟಿ ಬುತ್ತಿ ಕಟ್ಟಬೇಕು’ ಅಂದಳು.

ನಮ್ಮೂರು ಗುಳೇದಗುಡ್ಡ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ಅಂದರೆ ನಮಗೆ ದೇವರಿಗಿಂತ ನಾಟಕವೇ ಜಾಸ್ತಿ. ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ. ಒಂದು ಆಟ ಮುಗಿದರೆ ಇನ್ನೊಂದು, ರಾತ್ರಿಯಿಡೀ. ನಾನು ಅರ್ಧ ನಾಟಕವನ್ನು ಅವ್ವನ ತೊಡೆ ಮೇಲೆ ನಿದ್ದೆಯಲ್ಲೇ ನೋಡಿದ್ದೇನೆ. ಎಚ್ಚರವಾದಾಗ ಕೈಗೆ ಒಂದು ತುಂಡು ಕಟಕ ರೊಟ್ಟಿ, ಅಂದರೆ ಗರಿಗರಿ ಒಣ ಜೋಳದ ರೊಟ್ಟಿ, ಸಿಗುತ್ತಿತ್ತು. ಈಗಲೂ ಬನಶಂಕರಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ಆ ಕಡೆ ಹೋದರೆ ತಿನ್ನದೆ ಬರಬೇಡಿ.

ಅಂದರೆ ನಾಟಕಕ್ಕೆ ಯಾವ ಅಡುಗೆ ಅನ್ನೋದನ್ನು ನಮ್ಮ ಮಂದಿ ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು. ಬೆಂಗಳೂರಿಗೆ ಬಂದು ನಾನು ಮರೆತಿದ್ದೆ, ಅಷ್ಟೇ. ಬಿಸಿಬಿಸಿಯಾಗಿಯೇ ತಿನ್ನಬೇಕಾದ ಅಡುಗೆ ನಾಟಕದ ದಿನಕ್ಕಲ್ಲ. ಕಾಯುವ ಅಡುಗೆ ಬೇಕು.

ಈಗ ನನ್ನ ಲೆಕ್ಕ ಹೀಗಿದೆ. ಕಟಕ ರೊಟ್ಟಿ ಅವ್ವ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಅದು ಖಾಲಿಯಾದರೆ ಅಂಗಡಿಯದ್ದು, ಬೆಂಗಳೂರಲ್ಲಿ ಈಗ ಎಲ್ಲ ಕಡೆ ಸಿಗುತ್ತದೆ. ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಏನೂ ಆಗೋದಿಲ್ಲ. ಎಣ್ಣೆಗಾಯಿ ಮಾತ್ರ ಅವತ್ತು ಬೆಳಿಗ್ಗೆ ಆರಕ್ಕೆ ನಾನೇ ಮಾಡುತ್ತೇನೆ. ಬೆಳಿಗ್ಗೆ ಮಾಡಿದ ಎಣ್ಣೆಗಾಯಿ ರಾತ್ರಿಗೇ ರುಚಿ, ಮಸಾಲೆ ಕಾಯಿಯೊಳಗೆ ಇಳಿದಿರುತ್ತದೆ.

ಎಂಟು ಎಳೆ ಬದನೆಕಾಯಿ ತಗೊಳ್ಳಿ, ಕೈಯಲ್ಲಿ ಹಿಡಿದರೆ ಹಗುರ ಇರಬೇಕು. ಭಾರ ಇದ್ದರೆ ಒಳಗೆ ಬರೀ ಬೀಜ. ಬುಡದಿಂದ ನಾಲ್ಕು ಸೀಳು ಮಾಡಿ, ತೊಟ್ಟು ಮಾತ್ರ ಹಾಗೇ ಇರಲಿ. ಉಪ್ಪು ನೀರಿಗೆ ಹಾಕಿಟ್ಟರೆ ಕಪ್ಪಾಗೋದಿಲ್ಲ. ಅರ್ಧ ಬಟ್ಟಲು ಹುರಿದ ಶೇಂಗಾ, ಎರಡು ಚಮಚ ಗುರೆಳ್ಳು (ಹುಚ್ಚೆಳ್ಳು), ಒಂದು ಹಿಡಿ ಒಣ ಕೊಬ್ಬರಿ, ನಾಲ್ಕು ಎಸಳು ಬೆಳ್ಳುಳ್ಳಿ, ಹುಣಸೆರಸ, ಬೆಲ್ಲ, ಮಸಾಲೆ ಖಾರ. ಎಲ್ಲ ಅರೆದು ಕಾಯಿಗೆ ತುಂಬೋದು. ಇದರಲ್ಲಿ ಕಷ್ಟದ ಕೆಲಸ ಅಂದರೆ ಗುರೆಳ್ಳು ಹುರಿಯೋದು. ಮೊದಲೇ ಕಪ್ಪು ಕಾಳು, ಸೀದದ್ದು ಕಣ್ಣಿಗೆ ಕಾಣೋದಿಲ್ಲ. ಚಟಪಟ ಅಂದ ತಕ್ಷಣ ಇಳಿಸಬೇಕು, ಉಳಿದದ್ದು ಮೂಗಿಗೆ ಬಿಟ್ಟದ್ದು. ಎಣ್ಣೆಯಲ್ಲಿ ಜಿಪುಣತನ ಮಾಡಬೇಡಿ, ಹೆಸರೇ ಎಣ್ಣೆಗಾಯಿ. ತುಂಬಿದ ಕಾಯಿ ಇಟ್ಟು, ಉಳಿದ ಮಸಾಲೆ ಸುರಿದು, ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕುತ್ತೇನೆ. ತಳ ಹಿಡಿಯೋದಿಲ್ಲ. ರಸ ಗಟ್ಟಿಯಾಯಿತು ಅನ್ನಿಸಿದರೆ ಅದೇ ಬಿಸಿ ನೀರನ್ನು ಕೆಳಗೆ ಸುರಿದರಾಯಿತು. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನನ್ನ ಸ್ನಾನವೂ ಆಗಿರುತ್ತದೆ.

ಅಡುಗೆ ಸರಿಹೋಯಿತು, ಉಳಿದದ್ದು ಬಟ್ಟೆ. ಸಂಜೆ ಮನೆಗೆ ಬಂದು ಬಟ್ಟೆ ಬದಲಿಸುವ ಆಸೆ ಬಿಟ್ಟೆ. ಬೆಳಿಗ್ಗೆಯೇ ಉಟ್ಟು ಆಫೀಸಿಗೆ ಹೋಗುವಂಥದ್ದು, ಸಂಜೆ ನಾಟಕದಲ್ಲೂ ಕಳೆಗುಂದದಂಥದ್ದು ಬೇಕಿತ್ತು. ಹುಡುಕಾಟ ಬಂದು ನಿಂತದ್ದು ಟ್ರಂಕಿನ ಮುಂದೆ. ಗುಳೇದಗುಡ್ಡದ ಹೆಣ್ಣುಮಗಳ ಟ್ರಂಕಿನಲ್ಲಿ ಏನಿರುತ್ತದೆ? ಖಣ. ನಮ್ಮೂರ ಮಗ್ಗದಲ್ಲಿ ನೇಯ್ದ ಕುಪ್ಪಸದ ಬಟ್ಟೆ, ಪ್ರತಿ ಸಲ ಉಡಿ ತುಂಬಿದಾಗ ಕೊಟ್ಟದ್ದು, ತ್ರಿಕೋನವಾಗಿ ಮಡಿಸಿಟ್ಟದ್ದು. ಮಡಿಕೆ ಬಿಚ್ಚದೆ ವರ್ಷಗಟ್ಟಲೆ ಬಿದ್ದಿದ್ದವು. ಎಣಿಸಿದೆ, ಹತ್ತೊಂಬತ್ತು! ಆನೆ ಹೆಜ್ಜೆ, ತೇರು, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಬುಟ್ಟಾ. ಮಗ್ಗದ ಸದ್ದು ಕೇಳಿಯೇ ಬೆಳೆದವಳು ನಾನು. ಅಂಥವಳು ಮಾಲ್‌ನಲ್ಲಿ ‘ಖಣ ಪ್ರಿಂಟ್’ ಕುರ್ತಾ ನೋಡುತ್ತಾ ನಿಂತಿದ್ದೆ ಅಂತ ನೆನೆದರೆ ನಾಚಿಕೆ ಆಗುತ್ತದೆ.

ಮೊದಲ ಖಣ ಹಾಳಾಯಿತು. ಖಣಕ್ಕೆ ಪನ್ನ (ಅಗಲ) ಕಡಿಮೆ, ಮಾಮೂಲಿ ಬ್ಲೌಸ್ ಪೀಸಿನಂತೆ ಕತ್ತರಿಸಿದರೆ ಸಾಲೋದಿಲ್ಲ. ನಮ್ಮ ಬೀದಿಯ ಟೈಲರ್ ಅಣ್ಣನಿಗೆ ಅದು ಹೊಸದು. ಬಟ್ಟೆ ಉಳಿಸೋಕೆ ಹೋಗಿ ದಡಿಯನ್ನೆಲ್ಲ ಒಳಗೆ ಮಡಚಿ ಹೊಲಿದುಬಿಟ್ಟರು. ಖಣದ ಅಂದವೇ ದಡಿ, ಅಲ್ವಾ? ಎರಡನೇ ಸಲ ಅವ್ವನ ಹಳೆ ಕುಪ್ಪಸ ತಗೊಂಡು ಹೋಗಿ ಟೇಬಲ್ ಮೇಲೆ ಹರವಿದೆ. ಕಂಕುಳಲ್ಲಿ ಬೇರೆ ತುಂಡು ಸೇರಿಸಿ ಬಟ್ಟೆ ಹೇಗೆ ಉಳಿಸಿದ್ದಾರೆ, ದಡಿ ತೋಳಿಗೆ ಹೇಗೆ ಬಂದಿದೆ ಅಂತ ಇಬ್ಬರೂ ಒಳಗಿನ ಹೊಲಿಗೆ ತಿರುವಿ ನೋಡಿದೆವು. ‘ಬುದ್ಧಿವಂತ ಹೊಲಿದಿದ್ದಾನೆ ಮೇಡಂ’ ಅಂದರು ಅಣ್ಣ. ಆಮೇಲೆ ತಪ್ಪಾಗಲಿಲ್ಲ. ಈಗ ನಾಲ್ಕು ಕುಪ್ಪಸ ಇವೆ. ಎರಡು ಖಣವನ್ನು ಸಾದಾ ಕಾಟನ್ ಕುರ್ತಾಗಳ ಎದೆಭಾಗಕ್ಕೆ ಹಾಕಿಸಿದ್ದೇನೆ. ಒಗೆಯೋಕೆ ಮಾತ್ರ ಬೇರೆಯಾಗಿ ಹಾಕಿ. ನನ್ನ ಬಿಳಿ ದುಪಟ್ಟಾ ಒಂದು ಈಗ ಗುಲಾಬಿ ಬಣ್ಣದ್ದಾಗಿದೆ.

ಮೇಲೆ ಇಳಕಲ್ ಸೀರೆ. ಮೈ ಹತ್ತಿ, ಹಾಗಾಗಿ ಹತ್ತು ತಾಸು ಕುರ್ಚಿಯಲ್ಲಿ ಕೂತರೂ ಸೆಖೆ ಆಗೋದಿಲ್ಲ. ಸೆರಗು ರೇಷ್ಮೆ, ಕೆಂಪಿನ ಮೇಲೆ ಬಿಳಿ ತೋಪ್‌ತೆನಿ ಚಿತ್ತಾರ. ಸಂಜೆ ಎಲ್ಲಿ ಹೋದರೂ ಎದ್ದು ಕಾಣುತ್ತದೆ. ಸಭಾಂಗಣದಲ್ಲಿ ಚಳಿಯಾದರೆ ಅದನ್ನೇ ಹೊದ್ದುಕೊಳ್ಳಬಹುದು.

ಐದೂಮುಕ್ಕಾಲಿಗೆ ಮಲ್ಲೇಶ್ವರದ ಆಫೀಸು ಬಿಟ್ಟು ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತುತ್ತೇನೆ. ಜಯನಗರದಲ್ಲಿ ಇಳಿದು ಆಟೊ. ಒಂದು ಸಲ ಹತ್ತಿದ ಆಟೊ ಹಿಂದೆ ಶಂಕರ್‌ನಾಗ್ ಚಿತ್ರ ಇತ್ತು. ಬೆಂಗಳೂರಲ್ಲಿ ಅದೇನು ವಿಶೇಷ ಅಲ್ಲ ಬಿಡಿ. ‘ರಂಗಶಂಕರಕ್ಕೆ’ ಅಂದೆ. ‘ಶಂಕರಣ್ಣ ಕಟ್ಟಿದ್ದಲ್ವಾ ಮೇಡಂ?’ ಅಂದರು ಡ್ರೈವರ್. ಅಲ್ಲ, ಅವರು 1990ರಲ್ಲೇ ಹೋಗಿಬಿಟ್ಟರು. ಅವರ ನೆನಪಿಗೆ ಅಂತ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ್ದು, 2004ರಲ್ಲಿ ಶುರುವಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳಗೆ ಟಿಕೆಟ್ ಎಷ್ಟು?’ ಅಂತ ಕೇಳಿದರು. ಹೇಳಿದೆ. ‘ಅಷ್ಟೇನಾ? ನಮ್ಮಂಥೋರ್ಗಲ್ಲ ಅಂದ್ಕೊಂಡಿದ್ದೆ’ ಅಂದರು. ಅವರು ಹೋದರೋ ಇಲ್ಲವೋ ಗೊತ್ತಿಲ್ಲ.

ನಾಟಕದ ಹಾಗೆ ಸಿನಿಮಾಕ್ಕೂ ಹೋಗುತ್ತೇನೆ, ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಕನ್ನಡದ ಸಣ್ಣ ಸಿನಿಮಾ ನೋಡಬೇಕು ಅಂದರೆ ಬಿಡುಗಡೆಯಾದ ವಾರವೇ ನೋಡಿಬಿಡಿ, ಮುಂದಿನ ಶುಕ್ರವಾರಕ್ಕೆ ಅದು ಇರುತ್ತದೆ ಅನ್ನೋ ಭರವಸೆ ಇಲ್ಲ. ನಾನು ಭಾನುವಾರ ಬೆಳಗಿನ ಆಟಕ್ಕೆ ಹೋಗುತ್ತೇನೆ. ಮೆಜೆಸ್ಟಿಕ್ ಕಡೆಯ ಹಳೇ ಥಿಯೇಟರುಗಳಲ್ಲಿ ನೋಡೋದು ನನಗಿಷ್ಟ, ಆದರೆ ಅಲ್ಲಿ ಒಂದೊಂದೇ ಮಾಯವಾಗುತ್ತಿವೆ, ಕಪಾಲಿಯೂ ಹೋಯಿತು. ಮಲ್ಟಿಪ್ಲೆಕ್ಸ್ ಬಾಗಿಲಲ್ಲಿ ಒಮ್ಮೆ ಬ್ಯಾಗ್ ತೆಗೆಸಿದರು. ಒಳಗೆ ಶೇಂಗಾ ಚಟ್ನಿ ಬಳಿದ ಎರಡು ರೊಟ್ಟಿ. ಕಾವಲಿನ ಹುಡುಗ ಅದನ್ನು ನೋಡಿ, ನನ್ನನ್ನು ನೋಡಿ, ‘ಯಾವೂರ್ರೀ ನಿಮ್ದು?’ ಅಂದ. ಅವನದು ಗದಗ ಅಂತೆ. ರೊಟ್ಟಿ ಒಳಗೆ ಹೋಗಲಿಲ್ಲ, ಹಾಗಂತ ವಾಪಸ್ಸೂ ಬರಲಿಲ್ಲ. ಸಿನಿಮಾ ಮುಗಿಸಿ ಬಂದಾಗ ಖಾಲಿ ಡಬ್ಬಿ ತೊಳೆದು ಕೊಟ್ಟ.

ಕಳೆದ ಗುರುವಾರ ನಾಟಕ ಮುಗಿಸಿ ಮನೆ ಮುಟ್ಟಿದಾಗ ಹತ್ತೂಕಾಲು. ರೊಟ್ಟಿ ಮುರಿದು ತಟ್ಟೆಗೆ ಹಾಕಿಕೊಂಡೆ. ಎಣ್ಣೆಗಾಯಿಯನ್ನು ಬಿಸಿ ಕೂಡ ಮಾಡಲಿಲ್ಲ. ಮೊದಲ ತುತ್ತಿಗೇ ಏನೋ ಕಡಿಮೆ ಅನ್ನಿಸಿತು. ಅವ್ವ ಎಚ್ಚರವಿದ್ದಳು. ಇಂಥ ದಿನ ಅವಳು ಮಲಗೋದಿಲ್ಲ, ಕಥೆ ಕೇಳಬೇಕು. ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು, ಊಟ ಮಾಡುತ್ತಾ ಪೂರ್ತಿ ನಾಟಕ ಹೇಳಿದೆ. ರಾಜ ಹುಚ್ಚನಾದದ್ದು, ರಾಣಿ ಕಿರೀಟ ಎಸೆದದ್ದು, ಕೊನೆಗೆ ದೀಪ ಆರಿ ಕತ್ತಲಲ್ಲಿ ಒಬ್ಬನೇ ಹಾಡಿದ್ದು. ಹೇಳುವಾಗ ನನ್ನ ಗಂಟಲು ಕಟ್ಟಿತು. ಅವ್ವ ಹೂಂಗುಟ್ಟುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಪರದೆಗೆ ಹತ್ತಿರ ಬಂದು ನನ್ನ ತಟ್ಟೆಯನ್ನೇ ನೋಡಿದಳು.

‘ಗುರೆಳ್ಳು ಮರತೀ ಏನ?’ ಅಂದಳು.